ಗೋಡೆಯ ಮೇಲಿನ ಗುಳಿಗಳು

ಮಾತು ಬೆಳ್ಳಿ, ಮೌನ ಬಂಗಾರ ಎಂದು ಬೋರ್ಡಿನ ಮೂಲೆಯಲ್ಲಿ ಒಮ್ಮೆಯಾದರೂ ಬರೆಯದ ಶಾಲೆ ನಮ್ಮ ಕಡೆ ಇರಲಾರದು. ತರಗತಿಯಲ್ಲಿ ಗಲಾಟೆ ಹೆಚ್ಚಾದ ದಿನ ನಮ್ಮಂಥ ಮೇಷ್ಟ್ರು-ಮೇಡಂಗಳಿಗೆ ಅದು ಬಹಳ ಅನುಕೂಲದ ಗಾದೆ. ಆದರೆ ಅದೇ ಬಾಯಲ್ಲಿ ಇನ್ನೊಂದನ್ನೂ ಹೇಳುತ್ತೇವೆ: ಮೌನಂ ಸಮ್ಮತಿ ಲಕ್ಷಣಂ. ಹೆಣ್ಣು ನೋಡಲು ಬಂದವರ ಎದುರು ತಲೆತಗ್ಗಿಸಿ ಕೂತ ಹುಡುಗಿ ಏನೂ ಹೇಳದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಹಾಗಾದರೆ ಬಾಯಿ ಮುಚ್ಚಿಕೊಂಡವಳು ಬಂಗಾರ ಗಳಿಸಿದಳೋ, ಕೈಲಿದ್ದದ್ದನ್ನೂ ಬರೆದುಕೊಟ್ಟಳೋ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಅದಕ್ಕೆ ಒಂದಿಷ್ಟು ಉತ್ತರದಂಥದ್ದು ಸಿಕ್ಕಿದ್ದು ನಾನು ಕಣ್ಣಾರೆ ಕಾಣದ ಒಂದು ಊರಿನ ಚರಿತ್ರೆಯನ್ನು ಓದುವಾಗ. ಆ ಊರು ಸ್ಪೇನ್ ದೇಶದ ಬಾರ್ಸಿಲೋನಾ.

ಬಾರ್ಸಿಲೋನಾ ಎಂದರೆ ನನ್ನ ವಯಸ್ಸಿನವರಿಗೆ 1992ರ ಒಲಿಂಪಿಕ್ಸ್. ಬಿಲ್ಲುಗಾರನೊಬ್ಬ ಉರಿಯುವ ಬಾಣ ಬಿಟ್ಟು ಜ್ಯೋತಿ ಹೊತ್ತಿಸಿದ್ದನ್ನು ದೂರದರ್ಶನದಲ್ಲಿ ನೋಡಿದ ನೆನಪು ನಿಮಗೂ ಇರಬಹುದು. ಆ ಕ್ರೀಡಾಂಗಣವಿರುವುದು ಮೊಂಜುಯಿಕ್ ಎಂಬ ಗುಡ್ಡದ ಮೇಲೆ. ಅದೇ ಗುಡ್ಡದ ಮೇಲೆ ಒಂದು ಹಳೆಯ ಕೋಟೆಯಿದೆ. ಕತಲೋನಿಯಾ ಪ್ರಾಂತ್ಯದ ಚುನಾಯಿತ ಅಧ್ಯಕ್ಷರಾಗಿದ್ದ ಲೂಯಿಸ್ ಕಂಪಾನಿಸ್ ಅವರನ್ನು 1940ರ ಅಕ್ಟೋಬರ್ 15ರಂದು ಗುಂಡಿಕ್ಕಿ ಕೊಂದದ್ದು ಅಲ್ಲಿಯೇ. ಯುದ್ಧದಲ್ಲಿ ಸೋತು ಫ್ರಾನ್ಸಿಗೆ ಹೋಗಿದ್ದ ಅವರು ಇನ್ನೂ ದೂರ ಹೋಗಿ ಜೀವ ಉಳಿಸಿಕೊಳ್ಳಬಹುದಿತ್ತು. ಆದರೆ ಮಾನಸಿಕ ಕಾಯಿಲೆಯಿದ್ದ ಮಗ ಯುದ್ಧದ ಗೊಂದಲದಲ್ಲಿ ಎಲ್ಲೋ ತಪ್ಪಿಹೋಗಿದ್ದ. ಅವನ ಸುದ್ದಿಗಾಗಿ ಕಾದು ಅಲ್ಲೇ ಉಳಿದರು. ಜರ್ಮನ್ನರು ಹಿಡಿದು ಫ್ರಾಂಕೊ ಸರ್ಕಾರಕ್ಕೆ ಒಪ್ಪಿಸಿದರು. ಗುಡ್ಡದ ಇನ್ನೊಂದು ಮಗ್ಗುಲಲ್ಲಿ, ಹಳೆಯ ಕಲ್ಲುಗಣಿಯ ಹೊಂಡದಲ್ಲಿ, ಸುಮಾರು 4,000 ಜನರ ಹೆಣಗಳನ್ನು ಹೆಸರಿಲ್ಲದೆ ಹೂತಿದ್ದಾರೆ. 1992ರಲ್ಲಿ ನಮಗೆ ಇದನ್ನು ಯಾರೂ ತೋರಿಸಲಿಲ್ಲ. ಹಬ್ಬದ ದಿನ ತಿಥಿಯ ಮಾತು ಯಾರಿಗೆ ಬೇಕು ಹೇಳಿ.

ಶಾಲೆಯಲ್ಲಿ ನಾನು ಪಾಠ ಮಾಡುವಾಗ ಹಿಟ್ಲರ್, ಮುಸೊಲಿನಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ಫ್ರಾಂಕೊವರೆಗೆ ಹೋಗುವುದೇ ಇಲ್ಲ. ಆದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. 1931ರಲ್ಲಿ ಸ್ಪೇನಿನಲ್ಲಿ ರಾಜ ಹೋಗಿ ಗಣರಾಜ್ಯ ಬಂತು. ಹೆಂಗಸರಿಗೆ ಮತದ ಹಕ್ಕು ಬಂತು, ಮರುವರ್ಷ ವಿಚ್ಛೇದನದ ಕಾನೂನೂ ಬಂತು. 1936ರ ಜುಲೈನಲ್ಲಿ ಸೇನಾಧಿಕಾರಿಗಳು ದಂಗೆಯೆದ್ದರು. ಬಾರ್ಸಿಲೋನಾದಲ್ಲಿ ಜುಲೈ 19ರಂದು ಬರ್ಲಿನ್ ಒಲಿಂಪಿಕ್ಸ್‌ಗೆ ಎದುರಾಗಿ ಜನತಾ ಒಲಿಂಪಿಕ್ಸ್ ಶುರುವಾಗಬೇಕಿತ್ತು. ಅವತ್ತೇ ಬೆಳಗ್ಗೆ ಬೀದಿಯಲ್ಲಿ ಗುಂಡು ಹಾರಿತು. ಅಲ್ಲಿ ಕಾರ್ಮಿಕರೂ ಪೊಲೀಸರೂ ಸೇರಿ ದಂಗೆಯನ್ನು ಮುರಿದರು. ಆಮೇಲೆ ಎರಡೂವರೆ ವರ್ಷ ಯುದ್ಧ. 1938ರ ಜೂನ್‌ನಲ್ಲಿ ನಮ್ಮ ಜವಾಹರಲಾಲ್ ನೆಹರೂ, ಕೃಷ್ಣ ಮೆನನ್ನರ ಜೊತೆ, ಬಾಂಬು ಬೀಳುತ್ತಿದ್ದ ಆ ಊರಿಗೆ ಹೋಗಿ ಕೆಲವು ದಿನ ಇದ್ದು ಬಂದರು. 1939ರ ಜನವರಿ 26ರಂದು ಊರು ಫ್ರಾಂಕೊ ಸೈನ್ಯದ ವಶವಾಯಿತು. 1975ರ ನವೆಂಬರ್ 20ರಂದು ಫ್ರಾಂಕೊ ಹಾಸಿಗೆಯ ಮೇಲೆ ಸಾಯುವವರೆಗೆ ಅವನದೇ ಆಳ್ವಿಕೆ.

ಈಗ ನಾನು ಹೇಳಬೇಕೆಂದಿರುವ ಗೋಡೆಯ ವಿಷಯಕ್ಕೆ ಬರುತ್ತೇನೆ.

ಊರಿನ ಹಳೆಯ ಭಾಗದಲ್ಲಿ, ಇಕ್ಕಟ್ಟಾದ ಓಣಿಗಳ ನಡುವೆ, ಸಂತ್ ಫೆಲಿಪ್ ನೆರಿ ಎಂಬ ಚಿಕ್ಕ ಚೌಕವಿದೆ. ನಡುವೆ ಒಂದು ಕಾರಂಜಿ, ಎದುರಿಗೆ ಚರ್ಚು. ಪ್ರಸಿದ್ಧ ವಾಸ್ತುಶಿಲ್ಪಿ ಗೌಡಿ 1926ರಲ್ಲಿ ಟ್ರಾಮಿಗೆ ಸಿಕ್ಕಿದ್ದು ಇದೇ ಚರ್ಚಿಗೆ ಪ್ರಾರ್ಥನೆಗೆಂದು ನಡೆದು ಹೋಗುತ್ತಿದ್ದಾಗ. 1938ರ ಜನವರಿ 30ರಂದು ವಿಮಾನಗಳು ಬಂದವು. ಫ್ರಾಂಕೊಗೆ ನೆರವಾಗಿ ಮುಸೊಲಿನಿ ಕಳಿಸಿದ್ದ ಇಟಲಿಯ ವಿಮಾನಗಳು. ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಅಡಗಿಸಿಟ್ಟಿದ್ದರು. ಬಾಂಬು ಬಿತ್ತು. ಬದುಕಿದವರನ್ನು ಎಳೆದು ತೆಗೆಯಲು ಜನ ಓಡಿಬಂದಾಗ ಇನ್ನೊಂದು ಬಿತ್ತು. ಸತ್ತವರು 42 ಮಂದಿ. ಹೆಚ್ಚಿನವರು ಮಕ್ಕಳೇ. ಚರ್ಚಿನ ಮುಂಗೋಡೆಯ ಕಲ್ಲು ಕಿತ್ತು ಬಂದು, ಆಳೆತ್ತರದವರೆಗೆ ಗುಳಿಬಿದ್ದು, ಸಿಡುಬು ಬಂದು ಹೋದ ಮುಖದ ಹಾಗಾಯಿತು. ಇಂದಿಗೂ ಹಾಗೆಯೇ ಇದೆ.

ಯುದ್ಧ ಮುಗಿದ ಮೇಲೆ ಚೌಕವನ್ನು ಚೆನ್ನಾಗಿಯೇ ದುರಸ್ತಿ ಮಾಡಿದರು. ಗೋಡೆಗೆ ಮಾತ್ರ ಗಾರೆ ಹಚ್ಚಲಿಲ್ಲ. ಅದರ ಬದಲು ಒಂದು ಕಥೆ ಹಚ್ಚಿದರು. ಈ ಗುಳಿಗಳು ಬಂದೂಕಿನ ಗುಂಡಿನವು, ಕೆಂಪು ಜನ ಪಾದ್ರಿಗಳನ್ನು ಈ ಗೋಡೆಗೆ ಒರಗಿಸಿ ನಿಲ್ಲಿಸಿ ಕೊಂದ ಗುರುತು ಎಂದು. ಸುಮಾರು ನಲವತ್ತು ವರ್ಷ ಈ ಕಥೆಯೇ ನಡೆಯಿತು. ಬಾಂಬು ಹಾಕಿಸಿದವರೇ ಗಾಯಕ್ಕೂ ಯಜಮಾನರಾದರು.

ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು ಎನ್ನುವುದು ನಿಜ. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಸತ್ಯವಾಗುತ್ತದೆ. ಆ ಸುಳ್ಳನ್ನು ಜನ ನಂಬಿದ್ದೇಕೆ? ಏಕೆಂದರೆ ಪಾದ್ರಿಗಳನ್ನು ಕೊಂದದ್ದೂ ನಿಜವೇ ಆಗಿತ್ತು. 1936ರ ಬೇಸಿಗೆಯಲ್ಲಿ ಬಾರ್ಸಿಲೋನಾದಲ್ಲಿ ಚರ್ಚುಗಳಿಗೆ ಬೆಂಕಿ ಹಚ್ಚಿದರು. ಸನ್ಯಾಸಿನಿಯರ ಹಳೆಯ ಗೋರಿಗಳನ್ನು ಅಗೆದು ಬೀದಿಯಲ್ಲಿಟ್ಟರು. ಯುದ್ಧದ ಅವಧಿಯಲ್ಲಿ ದೇಶದಾದ್ಯಂತ ಕೊಲೆಯಾದ ಪಾದ್ರಿಗಳು, ಸನ್ಯಾಸಿಗಳು, ಸನ್ಯಾಸಿನಿಯರು ಸುಮಾರು 6,800 ಮಂದಿ. ಬಡವರ ಪಕ್ಷ ಎಂದುಕೊಂಡವರು ಮಾಡಿದ ಕೆಲಸ ಇದು. ಸುಳ್ಳು ಎಂದೂ ಬರಿಗೈಲಿ ಬರುವುದಿಲ್ಲ ನೋಡಿ, ಒಂದು ಹಿಡಿ ನಿಜವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬರುತ್ತದೆ. ಬೇರೆ ಕಡೆ ನಡೆದ ಕೊಲೆಯನ್ನು ತಂದು ಈ ಗೋಡೆಗೆ ಅಂಟಿಸಿದರು, ಅಂಟಿಕೊಂಡಿತು.

ಹಾಗಾದರೆ ಆ ಓಣಿಯಲ್ಲಿ ಇದ್ದವರು? ಅವತ್ತು ಕಲ್ಲು ಎತ್ತಿಹಾಕಿ ಮಕ್ಕಳನ್ನು ಹೊರಗೆ ತೆಗೆದವರು? ಅವರಿಗೆ ಗೊತ್ತಿತ್ತಲ್ಲ. ಅವರೇಕೆ ಸುಮ್ಮನಿದ್ದರು ಎಂದು ಕೇಳುವುದು ಸುಲಭ. ನನಗೂ ಮೊದಲು ಬಂದ ಪ್ರಶ್ನೆ ಅದೇ. ಆದರೆ ಶಾಲೆಯಲ್ಲಿ ಮೂವತ್ತು ವರ್ಷ ಕಳೆದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮನೆಯ ಗುಟ್ಟು ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ನೆನ್ನೆ ಸಾಲದವರು ಬಂದಾಗ ಅಪ್ಪ ಹಿತ್ತಲಲ್ಲಿ ಅಡಗಿಕೊಂಡಿದ್ದರು ಮಿಸ್ ಎಂದು ಆರನೇ ತರಗತಿಯ ಹುಡುಗಿ ನಗುತ್ತಾ ಹೇಳಿಬಿಡುತ್ತಾಳೆ. ನಮ್ಮಲ್ಲಿ ಅದನ್ನು ಕೇಳಿ ನಾವೂ ನಕ್ಕು ಮರೆಯುತ್ತೇವೆ. ಅಲ್ಲಿ ಅಂಥ ಒಂದು ಮಾತಿಗೆ ಅಪ್ಪ ಜೈಲಿಗೆ ಹೋಗಬಹುದಿತ್ತು. ಶಿಕ್ಷಕರನ್ನೂ ಒಬ್ಬೊಬ್ಬರನ್ನಾಗಿ ಶೋಧಿಸಿದ್ದರು. ಹಳೆಯ ಸರ್ಕಾರದಲ್ಲಿ ಹೇಗಿದ್ದೆ, ಯಾವ ಸಂಘದಲ್ಲಿದ್ದೆ ಎಂಬುದಕ್ಕೆಲ್ಲ ಬರಹದಲ್ಲಿ ಉತ್ತರ ಕೊಟ್ಟು, ಶುದ್ಧ ಎನಿಸಿಕೊಂಡರೆ ಮಾತ್ರ ಕೆಲಸ. ಜೊತೆಯವರ ಬಗ್ಗೆಯೂ ಬರೆಯಬೇಕಿತ್ತು. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವಳ ಹೆಸರು ಬರೆಯಬೇಕಾಗಿ ಬಂದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದ್ದೇನೆ. ಯೋಚನೆ ಪೂರ್ತಿಯಾಗಿಲ್ಲ.

ಭಾಷೆಯ ವಿಷಯವೂ ಹಾಗೇ. ಕತಲಾನ್ ಅಲ್ಲಿಯ ಮನೆಮಾತು. ಶಾಲೆಯಲ್ಲಿ, ಕಚೇರಿಯಲ್ಲಿ ಅದನ್ನು ನಿಷೇಧಿಸಿದರು. ಹುಟ್ಟಿದ ಮಗುವಿನ ಹೆಸರನ್ನೂ ಸ್ಪ್ಯಾನಿಷಿನಲ್ಲೇ ಬರೆಸಬೇಕು. ತಾಯಿ ಜೋರ್ದಿ ಎಂದು ಕರೆದು ಎಬ್ಬಿಸಿದ ಮಗ ಹಾಜರಿ ಪುಸ್ತಕದಲ್ಲಿ ಹೋರ್ಹೆ. ದಿನಕ್ಕೆ ಒಂದು ಸಲ ಹಾಜರಿ ಕೂಗುವ ನನಗೆ ಈ ಸಣ್ಣ ವಿವರ ಯುದ್ಧದ ಅಂಕಿಸಂಖ್ಯೆಗಿಂತ ಹೆಚ್ಚು ಚುಚ್ಚಿತು. ಬೆಳಗ್ಗೆ ಹೊಸ್ತಿಲು ದಾಟುವಾಗ ಮಗು ಒಂದು ಹೆಸರನ್ನು ಕಳಚಿಟ್ಟು ಇನ್ನೊಂದನ್ನು ತೊಟ್ಟುಕೊಂಡು ಹೋಗಬೇಕು. ಹೆಂಗಸರ ಪಾಡೂ ಸರಿಸುಮಾರು ಅದೇ. ವಿಚ್ಛೇದನ ರದ್ದಾಯಿತು. ಗಂಡನ ಒಪ್ಪಿಗೆಯಿಲ್ಲದೆ ಮದುವೆಯಾದವಳು ಕೆಲಸಕ್ಕೆ ಸೇರುವಂತಿಲ್ಲ, ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿಲ್ಲ. ಈ ನಿಯಮ ಹೋದದ್ದು 1975ರಲ್ಲಿ. ಲೆಸ್ ಕೋರ್ಟ್ಸ್ ಎಂಬ ಬಡಾವಣೆಯಲ್ಲಿದ್ದ ಹೆಂಗಸರ ಜೈಲಿನಲ್ಲಿ 1939ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ತುರುಕಿದ್ದರು, ಕೆಲವರ ಮಡಿಲಲ್ಲಿ ಕೂಸುಗಳೂ ಇದ್ದವು. ಆ ಜೈಲಿದ್ದ ಜಾಗದಲ್ಲಿ ಈಗ ದೊಡ್ಡದೊಂದು ಬಟ್ಟೆಬರೆ, ಸಾಮಾನಿನ ಮಳಿಗೆಯಿದೆ.

ಇಂಥ ಊರಿನಲ್ಲಿ ತಾಯಿಯೊಬ್ಬಳು, ಅದು ಏನಮ್ಮಾ ಗೋಡೆಯ ಮೇಲೆ ಎಂದು ಕೇಳಿದ ಮಗುವಿಗೆ, ಗೊತ್ತಿಲ್ಲ ನಡಿ ಎಂದಿದ್ದರೆ ಅದನ್ನು ಸುಳ್ಳು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಅವಳು ಮಗುವನ್ನು ಕಾಯುತ್ತಿದ್ದಳು. ಆದರೆ ಅವಳ ಮೌನಕ್ಕೂ ಬೆಲೆಯಿತ್ತು, ಅದನ್ನು ತೆತ್ತದ್ದು ಮಗು. ಮನೆಯಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಶಾಲೆಯ ಪುಸ್ತಕ ಬಂದು ಕೂತಿತು.

ಮೌನ ಎಂದರೆ ಬರೀ ಅಂಜಿಕೆ ಎಂದೂ ತಿಳಿಯಬೇಡಿ. 1951ರ ಮಾರ್ಚ್‌ನಲ್ಲಿ ನಡೆದದ್ದನ್ನು ಕೇಳಿ. ಬಾರ್ಸಿಲೋನಾದಲ್ಲಿ ಟ್ರಾಮಿನ ದರವನ್ನು 50 ಸೆಂತಿಮೊಗಳಿಂದ 70ಕ್ಕೆ ಏರಿಸಿದರು. ಮಾದ್ರಿದ್ ನಗರದಲ್ಲಿ ಇನ್ನೂ ಕಡಿಮೆಯಿತ್ತು. ಸಭೆ ಸೇರುವಂತಿಲ್ಲ, ಘೋಷಣೆ ಕೂಗುವಂತಿಲ್ಲ, ಮುಷ್ಕರ ಮಾಡುವಂತಿಲ್ಲ. ಜನ ಏನೂ ಮಾಡಲಿಲ್ಲ, ಸುಮ್ಮನೆ ನಡೆದರು. ಕಾರ್ಖಾನೆಗೆ, ಅಂಗಡಿಗೆ, ಆಸ್ಪತ್ರೆಗೆ, ಎಲ್ಲಿಗೆ ಹೋಗುವುದಿದ್ದರೂ ನಡೆದರು. ಟ್ರಾಮುಗಳು ಖಾಲಿ ಓಡಿದವು. ಒಂದು ಭಾನುವಾರ ಫುಟ್‌ಬಾಲ್ ಪಂದ್ಯ ಮುಗಿದಾಗ ಮಳೆ ಸುರಿಯುತ್ತಿತ್ತು. ಪ್ರೇಕ್ಷಕರಿಗಾಗಿ ಟ್ರಾಮುಗಳು ಸಾಲಾಗಿ ನಿಂತಿದ್ದವು. ಸಾವಿರಾರು ಜನ ಅವುಗಳ ಪಕ್ಕದಲ್ಲೇ ನೆನೆಯುತ್ತಾ ಮನೆಗೆ ನಡೆದರು. ದರ ಏರಿಕೆ ರದ್ದಾಯಿತು. ದಾರಿಯಲ್ಲಿ ನಡೆಯುವುದನ್ನು ಅಪರಾಧ ಎನ್ನಲು ಯಾವ ಸರ್ಕಾರಕ್ಕೂ ಕಷ್ಟ. ಇಪ್ಪತ್ತು ಸೆಂತಿಮೊ ಉಳಿಸಲು ನಡೆದವರೂ ಅವರಲ್ಲಿ ಇದ್ದಿರಬಹುದು ಅನ್ನಿ, ತಿಂಗಳ ಕೊನೆಯ ಲೆಕ್ಕ ಗೊತ್ತಿರುವ ನಾವು ಅದನ್ನು ಕೀಳು ಎನ್ನಬಾರದು. ಆದರೂ ಆ ಮೌನ ಸಮ್ಮತಿಯ ಲಕ್ಷಣವಾಗಿರಲಿಲ್ಲ ಎಂಬುದು ಖಾಲಿ ಟ್ರಾಮಿನ ಕಂಡಕ್ಟರನಿಗೂ ಅರ್ಥವಾಗಿತ್ತು.

ನನಗೆ ಒಪ್ಪಿಕೊಳ್ಳಲು ಕಷ್ಟವಾಗುವುದು ಮೂರನೆಯ ಬಗೆಯ ಮೌನ. ಅದು ಫ್ರಾಂಕೊ ಸತ್ತ ಮೇಲೆ ಬಂದದ್ದು. 1976ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ಜನ ಲಾಠಿ ಏಟು ತಿನ್ನುತ್ತಾ ಕೇಳಿದ್ದು ರಾಜಕೀಯ ಕೈದಿಗಳಿಗೆ ಕ್ಷಮಾದಾನವನ್ನು. 1977ರ ಅಕ್ಟೋಬರ್‌ನಲ್ಲಿ ಕಾನೂನು ಬಂತು. ಆದರೆ ಅದು ಜೈಲಿನಲ್ಲಿದ್ದವರನ್ನು ಬಿಡಿಸಿದ್ದಲ್ಲದೆ ಜೈಲಿಗೆ ಹಾಕಿದವರನ್ನೂ, ಹೊಡೆದವರನ್ನೂ, ಕೊಂದವರನ್ನೂ ಪ್ರಶ್ನೆಯಾಚೆಗೆ ಇಟ್ಟುಬಿಟ್ಟಿತು. ಇಂಗ್ಲಿಷಿನಲ್ಲಿ ಅಮ್ನೆಸ್ಟಿ ಎನ್ನುತ್ತಾರಲ್ಲ, ಆ ಪದದ ಗ್ರೀಕ್ ಮೂಲದ ಅರ್ಥವೇ ಮರೆವು. ಹಿಂದಿನದನ್ನು ಕೆದಕದಿರೋಣ, ಮತ್ತೆ ಯುದ್ಧವಾಗದಿದ್ದರೆ ಸಾಕು ಎಂದು ಎರಡೂ ಕಡೆಯ ನಾಯಕರು ಕೈಕುಲುಕಿದರು. ಅವರಲ್ಲಿ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರೂ ಇದ್ದರು. ಅವರನ್ನು ಹೇಡಿಗಳೆಂದು ದೂರದಲ್ಲಿ ಕೂತು ನಾನು ಹೇಳಲಾರೆ. ಸೈನ್ಯ ಇನ್ನೂ ಹಳೆಯ ಸೈನ್ಯವೇ ಆಗಿತ್ತು.

ಆದರೂ ಒಂದು ಮಾತು. ಮನೆಯಲ್ಲಿ ಅಣ್ಣತಮ್ಮಂದಿರ ಜಗಳವಾದಾಗ ಹಿರಿಯರು ಆದದ್ದಾಯಿತು ಬಿಡಿ ಎನ್ನುತ್ತಾರೆ. ಯಾವಾಗಲೂ ಯಾರಿಗೆ ಹೇಳುತ್ತಾರೆ, ಗಮನಿಸಿ. ಹೊಡೆದವನಿಗೆ ಬಿಡಲು ಏನೂ ಇರುವುದಿಲ್ಲ. ಹೊಡೆಸಿಕೊಂಡವರಿಗೆ ಆ ಬುದ್ಧಿವಾದ. ನಮ್ಮ ಹೆಣ್ಣುಮಕ್ಕಳು ತವರಿನಲ್ಲೂ ಅತ್ತೆಮನೆಯಲ್ಲೂ ಇದನ್ನು ಎಷ್ಟು ಸಲ ಕೇಳಿಲ್ಲ! ಸ್ಪೇನಿನಲ್ಲಿಯೂ ಎರಡು ಪಕ್ಷಗಳ ಸತ್ತವರು ಸಮಾನರಾಗಿರಲಿಲ್ಲ. ಗೆದ್ದವರ ಕಡೆ ಸತ್ತವರ ಹೆಸರುಗಳನ್ನು ಚರ್ಚಿನ ಗೋಡೆಗಳ ಮೇಲೆ ಕೆತ್ತಿ ವರ್ಷವರ್ಷವೂ ಪೂಜಿಸಿದ್ದರು. ಸೋತವರು ಹೊಂಡಗಳಲ್ಲಿ, ರಸ್ತೆ ಬದಿಯ ಮಣ್ಣಿನಡಿ ಇದ್ದರು. ಒಬ್ಬರು ನಲವತ್ತು ವರ್ಷ ನೆನೆದಾದ ಮೇಲೆ, ಇನ್ನೊಬ್ಬರು ನೆನೆಯಲು ಬಾಯಿ ತೆರೆಯುವ ಹೊತ್ತಿಗೆ, ಇನ್ನು ಎಲ್ಲರೂ ಮರೆಯೋಣ ಎಂದರೆ ಅದು ಯಾವ ನ್ಯಾಯ? ಕ್ಷಮಿಸುವುದು ದೊಡ್ಡ ಗುಣ ಎಂದು ನಾನೂ ನಂಬುತ್ತೇನೆ. ಆದರೆ ಕ್ಷಮಿಸಲು ಏನು ನಡೆಯಿತೆಂದು ಮೊದಲು ಹೇಳಬೇಕಲ್ಲ. ಹೇಳದೇ ಕ್ಷಮಿಸು ಎನ್ನುವುದು, ಮೊತ್ತ ಬರೆಯದ ಚೀಟಿಗೆ ರುಜು ಹಾಕಿಸಿಕೊಂಡ ಹಾಗೆ.

ಕಲ್ಲುಗಣಿಯ ಹೊಂಡಕ್ಕೆ 1985ರಲ್ಲಿ ಸ್ಮಾರಕವಾಯಿತು. ಕಂಪಾನಿಸ್ ಅವರ ಸಮಾಧಿಯೂ ಅಲ್ಲಿದೆ, 2001ರಿಂದ ಒಲಿಂಪಿಕ್ ಕ್ರೀಡಾಂಗಣಕ್ಕೆ ಅವರದೇ ಹೆಸರು. ಸತ್ತವರನ್ನು ಸಾರ್ವಜನಿಕವಾಗಿ ನೆನೆಯುವ ಕಾನೂನು ದೇಶಕ್ಕೆ ಬಂದದ್ದು 2007ರಲ್ಲಿ. ಹೊಂಡಗಳಲ್ಲಿರುವವರನ್ನು ಹುಡುಕುವುದು ಸರ್ಕಾರದ್ದೇ ಹೊಣೆ ಎಂಬ ಇನ್ನೊಂದು ಕಾನೂನು 2022ರಲ್ಲಿ. ಅಷ್ಟರಲ್ಲಿ ಹುಡುಕುವ ಮಕ್ಕಳೇ ಎಂಬತ್ತು ದಾಟಿದ್ದರು.

ಸಂತ್ ಫೆಲಿಪ್ ನೆರಿಯ ಗೋಡೆಗೂ 2007ರಲ್ಲಿ ಒಂದು ಫಲಕ ಬಂತು. ದಿನಾಂಕ, 42 ಎಂಬ ಸಂಖ್ಯೆ, ಬಹುಪಾಲು ಮಕ್ಕಳು, ಬಾಂಬು ಯಾರದು, ಎಲ್ಲವೂ ಅದರಲ್ಲಿದೆ. ಚೌಕಕ್ಕೆ ಅಂಟಿಕೊಂಡೇ ಒಂದು ಶಾಲೆಯಿದೆ. ಮಕ್ಕಳಿಗೆ ಬೇರೆ ಆಟದ ಬಯಲಿಲ್ಲದೆ ಆ ಚೌಕದಲ್ಲೇ ಆಡುತ್ತಾರೆ. ಗುಳಿಗಳು ಮಕ್ಕಳ ಕೈಗೆಟುಕುವ ಎತ್ತರದಲ್ಲೇ ಶುರುವಾಗುವುದರಿಂದ ಬೆರಳು ಹಾಕಿ ನೋಡದ ಮಗು ಇರಲಾರದು. ಬೆರಳು ಹಾಕಿದ ಮೇಲೆ ಟೀಚರನ್ನು ಕೇಳದೆಯೂ ಇರಲಾರದು. ಆ ಟೀಚರು ಮಕ್ಕಳ ವಯಸ್ಸು ನೋಡಿ ಎಷ್ಟು ಹೇಳುತ್ತಾಳೋ, ಫಲಕದಲ್ಲಿ ಇಲ್ಲದ 1936ರ ಪಾದ್ರಿಗಳ ವಿಷಯವನ್ನೂ ಯಾವ ತರಗತಿಗೆ ಹೇಳುತ್ತಾಳೋ, ನನಗೆ ಅವಳನ್ನೇ ಕೇಳಬೇಕು ಎನ್ನಿಸುತ್ತದೆ.