ಖಳರ ಸದ್ಗತಿ: ಒಂದು ವಿಚಾರ

ಕಥೆಯಲ್ಲಿ ಬರುವ ದುಷ್ಟನಿಗೂ ಕಡೆಗೆ ಒಳ್ಳೆಯ ಗತಿಯಾಗಲೆಂದು ಬಯಸುವುದು ಶ್ರೋತೃಗಳಿಗೆ ಸಹಜವಾದುದು. ಭಾರತ ಪ್ರವಚನದಲ್ಲಿ ಕರ್ಣಾವಸಾನದ ದಿನ ಸಭೆಯ ಹಿಂಬದಿಯಿಂದ "ಪಾಪ, ಕರ್ಣ" ಎಂಬ ನಿಟ್ಟುಸಿರು ಕೇಳಿಬರದೆ ಇರುವುದಿಲ್ಲ. ದ್ಯೂತಸಭೆಯಲ್ಲಿ ಆತನು ದ್ರೌಪದಿಯನ್ನು ಕುರಿತು ಆಡಿದ ಮಾತನ್ನು ಕೇಳಿ ಕಿವಿ ಮುಚ್ಚಿಕೊಂಡವರೇ ಈ ನಿಟ್ಟುಸಿರನ್ನೂ ಬಿಡುತ್ತಾರೆ. ಇದೇ ಬಯಕೆ ಅಮೆರಿಕ ದೇಶದ ಚಿತ್ರಕಥಾ ಪುಸ್ತಕಗಳ ಅಭಿಮಾನಿಗಳಲ್ಲಿಯೂ ಪ್ರಬಲವಾಗಿದೆ. ಅವರು ನಿಟ್ಟುಸಿರಿನಲ್ಲಿ ನಿಲ್ಲದೆ, ಖಳನಿಗೆ ಯಾವ ಅಂತ್ಯ ಬರಬೇಕು, ಅವನ ಉದ್ಧಾರ ಯಾವ ಬಗೆಯಲ್ಲಿ ಆಗಬೇಕು ಎಂಬುದನ್ನು ತಾವೇ ಕಲ್ಪಿಸುತ್ತಾರೆ. ನಮ್ಮ ಮನೆಗಳ ಎಳೆಯರೂ ಈ ಕಥೆಗಳನ್ನು ಓದುವವರೇ, ಚಲನಚಿತ್ರಗಳಾಗಿ ನೋಡುವವರೇ. ಆದಕಾರಣ ಈ ವಿಷಯವನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಆ ಕಥೆಗಳಲ್ಲಿ ಖಳರು ಸುಲಭವಾಗಿ ಸಾಯುವುದಿಲ್ಲ. 1940ರಲ್ಲಿ ಬ್ಯಾಟ್‌ಮನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಜೋಕರ್ ಎಂಬ ಪಾತಕಿಯನ್ನು ಕೊಲ್ಲಬೇಕೆಂದಿತ್ತು. ಸಂಪಾದಕರು ಬೇಡವೆಂದುದರಿಂದ ಅವನು ಬದುಕಿರುವನೆಂದು ತಿಳಿಸುವ ಚಿತ್ರವೊಂದನ್ನು ಕೊನೆಯಲ್ಲಿ ಸೇರಿಸಿದರು. ಅವನು ಇಂದಿಗೂ ಬದುಕಿದ್ದಾನೆ. ಇದು ವ್ಯಾಪಾರದ ಮಾತು, ಇದರಲ್ಲಿ ಧರ್ಮವಿಚಾರ ಹೆಚ್ಚಿಲ್ಲ.

ವಿಚಾರಾರ್ಹವಾದುದು ಜೀನ್ ಗ್ರೇ ಎಂಬವಳ ಕಥೆ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ ಎಂಬವರು ಆರಂಭಿಸಿದ ಎಕ್ಸ್-ಮೆನ್ ಎಂಬ ಕಥಾಮಾಲೆಯಲ್ಲಿ ಈಕೆ ಸೌಮ್ಯಳಾದ, ಸದ್ಗುಣಿಯಾದ ತರುಣಿ. ಮುಂದೆ ಫೀನಿಕ್ಸ್ ಎಂಬ ಅಪಾರ ಶಕ್ತಿ ಈಕೆಗೆ ಪ್ರಾಪ್ತವಾಗುತ್ತದೆ. ಶಕ್ತಿಯೊಡನೆ ಮದವೂ ಬರುತ್ತದೆ. 1980ರ ಸಂಚಿಕೆಗಳಲ್ಲಿ ಆಕೆ ತನ್ನ ಹಸಿವಿಗಾಗಿ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದಲ್ಲಿದ್ದ 500 ಕೋಟಿ ಜೀವಿಗಳು ಕ್ಷಣಮಾತ್ರದಲ್ಲಿ ನಾಶವಾಗುತ್ತವೆ.

ಲೇಖಕ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರಕಾರ ಜಾನ್ ಬರ್ನ್ ಇವರು ಮೊದಲು ಯೋಜಿಸಿದ ಅಂತ್ಯದಲ್ಲಿ ಜೀನಳ ಶಕ್ತಿಯನ್ನಷ್ಟೇ ಕಿತ್ತುಕೊಂಡು ಅವಳನ್ನು ಮನೆಗೆ ಕಳುಹಿಸುವುದಿತ್ತು. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಇಷ್ಟು ದೊಡ್ಡ ಹತ್ಯೆಗೆ ತಕ್ಕ ಫಲ ಬೇಕೆಂದು ಆತನ ಹಟ. ಕಥೆ ತಿದ್ದಲ್ಪಟ್ಟಿತು, ಜೀನ್ ಒಂದು ಕ್ಷಣ ತನ್ನ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಚಂದ್ರನ ನೆಲದ ಮೇಲೆ ಪುರಾತನವಾದ ಆಯುಧಕ್ಕೆ ತಾನೇ ಗುರಿಯಾಗಿ ಪ್ರಾಣ ಬಿಟ್ಟಳು. ಹಳೆಯ ಅಂತ್ಯವನ್ನು 1984ರಲ್ಲಿ ಬೇರೆಯಾಗಿ ಪ್ರಕಟಿಸಿದುದರಿಂದ ಓದುಗರು ಎರಡು ಗತಿಗಳನ್ನೂ ಕಂಡರು.

ಅವಳನ್ನು ಪ್ರೀತಿಸಿದ ಅಭಿಮಾನಿಗಳಿಗೆ ಸಮಾಧಾನವಾಗಲಿಲ್ಲ. ಅವಳು ಮರಳಬೇಕಾದರೆ ಆ ಪಾಪದ ಲೇಪ ಅವಳಿಗಿರಕೂಡದು ಎಂಬುದು ಸಂಪಾದಕನ ನಿಬಂಧನೆ. ಆಗಿನ್ನೂ ಕೇವಲ ಅಭಿಮಾನಿಯಾಗಿದ್ದು ತರುವಾಯ ತಾನೇ ಪ್ರಸಿದ್ಧ ಲೇಖಕನಾದ ಕರ್ಟ್ ಬ್ಯೂಸಿಕ್ ಇದಕ್ಕೊಂದು ಉಪಾಯ ಹೂಡಿದನು: ನಕ್ಷತ್ರ ನುಂಗಿದವಳು ಜೀನಳೇ ಅಲ್ಲ, ಫೀನಿಕ್ಸ್ ಶಕ್ತಿಯೇ ಅವಳ ರೂಪವನ್ನೂ ನೆನಪನ್ನೂ ತಾಳಿ ನಡೆದಾಡಿತ್ತು, ನಿಜವಾದ ಜೀನ್ ನೀರಿನಡಿಯಲ್ಲಿ ಕೋಶವೊಂದರೊಳಗೆ ನಿದ್ರಿಸುತ್ತಿದ್ದಳು. ಈ ಕಲ್ಪನೆ ಬಾಯಿಂದ ಬಾಯಿಗೆ ಸಾಗಿ ಪ್ರಕಾಶಕರನ್ನು ಮುಟ್ಟಿತು. 1986ರಲ್ಲಿ ಅದೇ ಅಧಿಕೃತ ಕಥೆಯಾಯಿತು.

ಇದನ್ನು ಕೇಳಿದೊಡನೆ ನಮ್ಮವರಿಗೆ ಶಿಶುಪಾಲನು ನೆನಪಾಗದೆ ಇರನು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಆ ಒಂದು ದೇಹದಲ್ಲಿ ಇಬ್ಬರು ಜೀವರು: ಶಾಪಗ್ರಸ್ತನಾದ ವೈಕುಂಠದ ದ್ವಾರಪಾಲಕನೊಬ್ಬ, ದ್ವೇಷಿಯಾದ ಅಸುರನೊಬ್ಬ. ಶ್ರೀಕೃಷ್ಣನನ್ನು ಸೇರಿದವನು ದ್ವಾರಪಾಲಕನು. ಹಾಗಾದರೆ ಬ್ಯೂಸಿಕನ ಉಪಾಯವೂ ಇದೇ ತಾನೇ, ಅವನನ್ನು ನಾವೇಕೆ ಆಕ್ಷೇಪಿಸಬೇಕು ಎಂದು ಬುದ್ಧಿವಂತ ಹುಡುಗನೊಬ್ಬನು ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ.

ಎರಡೂ ಒಂದೇ ಅಲ್ಲವೆಂದು ನಮಗೆ ತೋರುತ್ತದೆ. ಶಿಶುಪಾಲನ ವಿಷಯದಲ್ಲಿ ಲೆಕ್ಕ ಮುಚ್ಚಿಹೋಗುವುದಿಲ್ಲ. ಭಗವದ್ದ್ವೇಷ ಯಾರದೋ ಆ ಅಸುರನಿಗೆ ತಮಸ್ಸು ತಪ್ಪಲಿಲ್ಲ. ದ್ವಾರಪಾಲಕನೂ ಸುಮ್ಮನೆ ಪಾರಾಗಲಿಲ್ಲ. ಸನಕಾದಿಗಳನ್ನು ತಡೆದ ತಪ್ಪಿಗೆ ಮೂರು ಜನ್ಮ ಸವೆಸಿದನು. ಕರ್ತೃಗಳು ಇಬ್ಬರಾದರು, ಗತಿಗಳೂ ಎರಡಾದವು. ಫೀನಿಕ್ಸಳ ಕಥೆಯಲ್ಲಾದರೋ ಜೀನಳನ್ನು ಬಿಡಿಸಿದ ಮೇಲೆ ಹತ್ಯೆಗೆ ಹೊಣೆ ಹೊರುವವರು ಯಾರೂ ಉಳಿಯುವುದಿಲ್ಲ. ಶಕ್ತಿಯನ್ನು ಯಾವ ನ್ಯಾಯಾಸನದ ಮುಂದೆ ನಿಲ್ಲಿಸುವುದು? ಅದಕ್ಕಿಂತ ಹೆಚ್ಚಿನ ನಷ್ಟ ಜೀನಳಿಗೇ. 1980ರ ಕಥೆಯಲ್ಲಿ ಆಕೆಯ ಹಿರಿಮೆಯೆಂದರೆ, ಇದು ನಾನು ಮಾಡಿದ್ದು, ಇನ್ನೊಮ್ಮೆ ಮಾಡಬಾರದು ಎಂದು ತಾನೇ ನಿರ್ಣಯಿಸಿದ್ದು. ಅಭಿಮಾನಿಯ ಕರುಣೆ ಪಾಪವನ್ನು ತೊಳೆಯಹೊರಟು ಪಶ್ಚಾತ್ತಾಪವನ್ನೂ ಆ ತ್ಯಾಗವನ್ನೂ ಅವಳಿಂದ ಕಿತ್ತುಕೊಂಡಿತು. ನೀರಿನಡಿಯಲ್ಲಿ ನಿದ್ರಿಸುತ್ತಿದ್ದವಳಿಗೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ.

ಅದೇ ಕಥಾಮಾಲೆಯ ಮ್ಯಾಗ್ನೀಟೋ ಎಂಬ ಖಳನ ದಾರಿ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹದಿನೆಂಟು ವರ್ಷ ಕೇವಲ ದುಷ್ಟನಾಗಿದ್ದ ಇವನು 1981ರಲ್ಲಿ ಒಬ್ಬ ಬಾಲಕಿಯನ್ನು ಕೊಂದೆನೆಂದು ಭಾವಿಸಿ ನಡುಗಿ ನಿಲ್ಲುತ್ತಾನೆ; ನಾಜಿಗಳ ಆಶ್‌ವಿಟ್ಸ್ ಶಿಬಿರದ ಸಂಕಟ ಕಂಡ ತಾನು ಏನಾಗಿಬಿಟ್ಟೆನೆಂದು ಆಗ ಅವನಿಗೆ ಹೊಳೆಯುತ್ತದೆ. 1985ರಲ್ಲಿ ಪ್ಯಾರಿಸ್ ನಗರದ ನ್ಯಾಯಸಭೆಯ ಮುಂದೆ ನಿಲ್ಲುತ್ತಾನೆ, ಅನಂತರ ಮಕ್ಕಳ ಶಾಲೆಯೊಂದರ ಹೊಣೆ ಹೊರುತ್ತಾನೆ. ನಾನಲ್ಲ, ಬೇರೊಬ್ಬ ಎಂದು ಅವನ ಪರವಾಗಿ ಹೇಳಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಲೇಖಕರು ಅವನನ್ನು ಹಳೆಯ ದಾರಿಗೆ ಎಳೆದರು, ಅದು ಬೇರೆ ಮಾತು. ಮನುಷ್ಯರಲ್ಲಿಯೂ ಹಾಗೆ ಜಾರುವವರು ಕಡಿಮೆಯೇನಲ್ಲ.

ಇವೆಲ್ಲ ಕಟ್ಟುಕಥೆ, ಇಷ್ಟೊಂದು ಚರ್ಚೆ ಏಕೆಂದರೆ, ಕರುಣೆ ಯಾರ ಕಡೆಗೆ ಹರಿಯುತ್ತದೆಂಬುದು ಕಟ್ಟುಕಥೆಯಲ್ಲಿಯೇ ಸ್ಪಷ್ಟವಾಗಿ ಕಾಣುವುದು. ನಾವು ಹೆಸರು ಬಲ್ಲವರಿಗಾಗಿ ಮರುಗುತ್ತೇವೆ. ನಾಶವಾದ ಆ ಗ್ರಹದವರನ್ನು ಡಿಬಾರಿ ಎಂದು ಕರೆಯುತ್ತಾರೆ. ಅವರ ಕುಲದವನೊಬ್ಬನು 1964ರ ಇನ್ನೊಂದು ಕಥೆಯಲ್ಲಿ ಮೊದಲೇ ಬಂದಿದ್ದನು. ಅವನ ನೌಕೆ ಕೆಟ್ಟು ಭೂಮಿಯಲ್ಲಿ ಶತಮಾನಗಳ ಕಾಲ ಸಿಕ್ಕಿಬಿದ್ದಿದ್ದನು. ಸಮುದ್ರದ ಅಡಿಯಲ್ಲಿ ಹೂತಿದ್ದ ಆ ನೌಕೆಯನ್ನು ವೀರರು ಬಿಡಿಸಿಕೊಟ್ಟರು, ಅವನು ಸಂತೋಷದಿಂದ ಊರಿಗೆ ಹೊರಟನು. ಆ ಊರೇ ಜೀನಳು ನುಂಗಿದ ನಕ್ಷತ್ರದ ಬಳಿಯದು.