ಸೇವೆ ಅಂದರೆ ಕೂಲಿ ತಪ್ಪುತ್ತದೆಯೇ?

ನಮ್ಮ ಕಲ್ಲುಗುಂಡಿ ಕಡೆ ಬೆಳಕು ಹರಿಯೋ ಮೊದಲೇ ರಬ್ಬರ್ ಹಾಲು ತೆಗೆಯೋರು ತೋಟ ಸೇರಿರ್ತಾರೆ. ಮನೇಲಿ ಉಳಿಯೋದು ಅಜ್ಜ, ಅಜ್ಜಿ, ನಾಯಿ. ಮುದುಕರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆತರುವ ಹಗಲು ಕೇಂದ್ರಗಳು ಬೆಂಗಳೂರಲ್ಲಿವೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವಂಥವು. ನಮಗೂ ಬೇಕು. ಬರಲಿ.

ಬಂದರೆ, ಅಲ್ಲಿ ದುಡಿಯುವವರು ಯಾರು? ಕೈಹಿಡಿದು ಕಕ್ಕಸಿಗೆ ಕರೆದೊಯ್ಯುವವಳು, ಗಂಜಿ ಕುಡಿಸಿ ಬಾಯಿ ಒರೆಸುವವಳು, ಒದ್ದೆ ಬಟ್ಟೆ ಬದಲಿಸುವವಳು ಯಾವ ಕೇರಿಯ ಮಗಳು? ನಾನು ಹೇಳಬೇಕಾಗಿಲ್ಲ. ಅಂಗಳದಾಚೆ ನಿಲ್ಲಿಸಿದ್ದ ಕೈ, ಮೈಯ ಕಸುವು ಹೋದಮೇಲೆ ಬೇಕಾಗುತ್ತದೆ. ಆಗ ಅದಕ್ಕೆ ‘ಸೇವೆ’ ಅಂತ ಹೆಸರು. ‘ಪುಣ್ಯದ ಕೆಲಸ ಮಗಾ’ ಅಂತಾರೆ. ಪುಣ್ಯಕ್ಕೆ ಅಂಗಡಿಯವನು ಅಕ್ಕಿ ಅಳೀತಾನಾ?

ಸರಕಾರದ ಲೆಕ್ಕವೂ ಇದೇ. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು ನೌಕರರಲ್ಲ, ಸ್ವಯಂಸೇವಕಿಯರಂತೆ. ಅವರಿಗೆ ಸಂಬಳವಲ್ಲ, ‘ಗೌರವಧನ’. ಗೌರವ ಇದ್ದಿದ್ದರೆ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಯಾಕೆ ಮಲಗಬೇಕಿತ್ತು? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ನಾಳೆ ನಮ್ಮೂರ ಕೇಂದ್ರಕ್ಕೂ ‘ಗೌರವಧನ’ವೇ ಬಂದರೆ?

ಪ್ರೀತಿಗೆ ಬೆಲೆ ಕಟ್ತೀರಾ ಅಂತ ಕೇಳುವ ಗೆಳೆಯರಿದ್ದಾರೆ. ಪ್ರೀತಿಗಲ್ಲ ಸ್ವಾಮಿ, ಎತ್ತಿ ಎತ್ತಿ ನೋಯುವ ಸೊಂಟಕ್ಕೆ. ಪ್ರೀತಿ ಕೊಟ್ಟರೆ ಅದು ಅವಳ ಇಷ್ಟ, ನಮ್ಮ ಹಕ್ಕಲ್ಲ. ಅವಳ ಗುಡಿಸಲಲ್ಲೂ ಒಬ್ಬಳು ಮುದುಕಿ ತಾಯಿ ಇದ್ದಾಳೆ. ಹಗಲೆಲ್ಲ ಆಕೆಗೆ ನೀರು ಕೊಡುವವರು ಯಾರು?