ಇಂದಿನ ಚಿಂತನೆ: ದೋಣಿಯ ಉದ್ದ



ಹಾಯಿದೋಣಿಯ ವೇಗಕ್ಕೆ ನಡೆಸುವವರ ಜಾಣ್ಮೆಯೊಂದೇ ಕಾರಣವಲ್ಲ. ಉದ್ದನೆಯ ದೋಣಿ ಸಹಜವಾಗಿಯೇ ಹೆಚ್ಚು ಓಡುತ್ತದೆ. ಆದ್ದರಿಂದ ಹವ್ಯಾಸಿಗಳ ಸ್ನೇಹದ ಪೈಪೋಟಿಯಲ್ಲಿ ದೋಣಿಯ ಅಳತೆ ನೋಡಿ, ಸಮಯ ಸರಿಹೊಂದಿಸಿ, ಗೆದ್ದವರನ್ನು ತೀರ್ಮಾನಿಸುತ್ತಾರೆ. 2013ರಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಪಂದ್ಯವನ್ನು ಹೀಗೆ ಗೆದ್ದದ್ದು ಹತ್ತು ಮೀಟರಿನ ಪುಟ್ಟ ದೋಣಿ. ಅದರಲ್ಲಿದ್ದವರು ಫ್ರಾನ್ಸಿನ ತಂದೆ-ಮಗ ಇಬ್ಬರೇ. ಅದು ಭಿಕ್ಷೆಯಲ್ಲ, ಲೆಕ್ಕ.

"ಮೀಸಲಾತಿಯಿಂದ ನಿಂಗೆ ಸೀಟು" ಎಂಬ ಮಾತಿಗೆ ತಲೆತಗ್ಗಿಸುವ ನಮ್ಮ ಮಕ್ಕಳಿಗೆ ತರಗತಿಯಲ್ಲಿ ನಾನು ಹೇಳುವುದು ಇದನ್ನೇ.

ಕಾರಣವಿಲ್ಲದೆ ಯಾವುದೂ ಹುಟ್ಟದು ಎಂಬುದು ಬುದ್ಧರ ಬೋಧೆ. 'ಪ್ರತಿಭೆ'ಗೂ ಕಾರಣಗಳಿವೆ: ಅಜ್ಜನ ಓದು, ಮನೆಯ ಪುಸ್ತಕ, ಹೊಟ್ಟೆಯ ಅನ್ನ. ಬಾಬಾಸಾಹೇಬರು ಆ ಕಾರಣಗಳನ್ನು ಲೆಕ್ಕಕ್ಕೆ ತಂದರು. ಆದರೆ ಲೆಕ್ಕ ತಾನಾಗಿ ಹಾಯಿ ಎತ್ತದು. ಆ ಶ್ರಮ ನಮ್ಮದೇ.

ಇಂದು ಒಂದು ಮಗುವಿಗಾದರೂ ಇದನ್ನು ಹೇಳೋಣ.

ಭವತು ಸಬ್ಬ ಮಂಗಲಂ 🙏